ಚಿತ್ರ ಮಸುಕಾದರೆ ಫ್ರೇಮ್ ರೇಟ್ ಏರಿಸಬೇಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಆದಿತ್ಯವಾರ ಸಂಜೆ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರು. ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ. ಲೆಕ್ಕಗಳನ್ನು ಮಾತ್ರ ಇನ್ನೊಮ್ಮೆ ಕೂತು ನೋಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಪಾಲಿಟೆಕ್ನಿಕ್ ಮಕ್ಕಳಿದ್ದಾರೆ, ತೋಟದವರಿದ್ದಾರೆ, ಅಡಿಕೆ ಗಾರ್ಬಲ್, ಅಂದರೆ ಆರಿಸಿ ವಿಂಗಡಿಸುವ ಕೆಲಸಕ್ಕೆ ಹೋಗುವ ಅಕ್ಕಂದಿರೂ ಬಂದಿದ್ದಾರೆ. ನನ್ನ ಕೆಲಸ ಕಾರ್ಖಾನೆಗಳಲ್ಲಿ ಕ್ಯಾಮೆರಾ ಕೂರಿಸುವುದು. ಮದುವೆಗೆ ತರುವ ಕ್ಯಾಮೆರಾದ ಹಾಗೆ ಇದಕ್ಕೆ ಗುಂಡಿ ಇಲ್ಲ, ಪರದೆ ಇಲ್ಲ. ನೋಡಿ, ಕೈಯಲ್ಲಿ ಹಿಡಿದಿದ್ದೇನೆ. ಮುಂದೆ ಲೆನ್ಸ್, ಹಿಂದೆ ಕೇಬಲ್, ನಡುವೆ ಒಂದು ಲೋಹದ ಡಬ್ಬಿ. ಇದರ ಮುಖ 29 ಮಿಲಿಮೀಟರ್ ಚೌಕ. ಒಂದು ಒಳ್ಳೆ ಚಾಲಿ ಅಡಿಕೆಯನ್ನು, ಅಂದರೆ ಒಣಗಿಸಿ ಸುಲಿದದ್ದನ್ನು, ಪಕ್ಕದಲ್ಲಿ ಇಟ್ಟರೆ ಎರಡೂ ಸುಮಾರು ಒಂದೇ ಅಗಲ. ಇದನ್ನು ಸುತ್ತ ಕಳಿಸುತ್ತೇನೆ, ಮುಟ್ಟಿ ನೋಡಿ, ಲೆನ್ಸಿನ ಗಾಜಿಗೆ ಮಾತ್ರ ಬೆರಳು ತಾಗಿಸಬೇಡಿ.

ಈ ಡಬ್ಬಿಗೆ ಕೆಲಸ ಶುರುಮಾಡುವ ಮೊದಲು ನಾವು ಎರಡು ಸಂಖ್ಯೆ ಹೇಳಿಕೊಡಬೇಕು. ಒಂದು, ಕಣ್ಣು ಎಷ್ಟು ಹೊತ್ತು ತೆರೆದಿಡಬೇಕು. ಅದು ಎಕ್ಸ್‌ಪೋಶರ್. ಇನ್ನೊಂದು, ಸೆಕೆಂಡಿಗೆ ಎಷ್ಟು ಸಲ ತೆರೆಯಬೇಕು. ಅದು ಫ್ರೇಮ್ ರೇಟ್. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಹೇಳುವಾಗ ಸುಲಭ ಅನಿಸುತ್ತದೆ. ಆದರೆ ನಾನು ಕಂಡ ಎಡವಟ್ಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಇವೆರಡನ್ನು ಒಂದೇ ಅಂತ ತಿಳಿದುಕೊಂಡದ್ದರಿಂದ. ಮೊದಮೊದಲು ನಾನೂ ಹಾಗೇ ತಿಳಿದಿದ್ದೆ.

ಒಂದು ಅಡಿಕೆ ಮಂಡಿ. ಹೆಸರು ಬೇಡ. ಸುಲಿದ ಚಾಲಿ ಬೆಲ್ಟಿನ ಮೇಲೆ ಬರುತ್ತದೆ, ಒಡೆದದ್ದು ಯಾವುದು, ಗಟ್ಟಿ ಯಾವುದು ಅಂತ ಕ್ಯಾಮೆರಾ ಹೇಳಬೇಕು. ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಅಂತ ದರ್ಜೆ ಬೇರೆ ಮಾಡುವುದೆಲ್ಲ ಆಮೇಲೆ, ಮೊದಲು ಬಿರುಕು ಒಂದು ಕಂಡರೆ ಸಾಕು ಅಂದಿದ್ದರು. ಬಿರುಕು ಅಂದರೆ ಅರ್ಧ ಮಿಲಿಮೀಟರ್. ಕೂದಲಿಗಿಂತ ಕೆಲವು ಪಟ್ಟು ದಪ್ಪದ ಗೆರೆ. ಬೆಲ್ಟಿನ ವೇಗ ಸೆಕೆಂಡಿಗೆ 60 ಸೆಂಟಿಮೀಟರ್. ಬೆಲ್ಟ್ ನಿಂತಿದ್ದಾಗ ಬಿರುಕು ಚೆನ್ನಾಗಿ ಕಾಣುತ್ತಿತ್ತು. ಓಡಲು ಶುರುವಾದ ಕೂಡಲೇ ಅಡಿಕೆಗಳೆಲ್ಲ ಉದ್ದುದ್ದ ಎಳೆದ ಹಾಗೆ, ಒರೆಸಿದ ಹಾಗೆ ಕಂಡವು. ಆಗ ಫ್ರೇಮ್ ರೇಟ್ 20 ಇತ್ತು. ಸಾಲದು ಅಂತ 60ಕ್ಕೆ ಏರಿಸಿದೆ. ಏನಾಯಿತು? ಮೊದಲು ಸೆಕೆಂಡಿಗೆ 20 ಮಸುಕು ಚಿತ್ರ ಬರುತ್ತಿತ್ತು, ಈಗ 60 ಮಸುಕು ಚಿತ್ರ ಬಂತು. ಅಷ್ಟೇ.

ಯಾಕೆ ಅಂತ ಬೋರ್ಡಿನಲ್ಲಿ ಬರೆಯುತ್ತೇನೆ. ಎಕ್ಸ್‌ಪೋಶರ್ 5 ಮಿಲಿಸೆಕೆಂಡ್ ಇತ್ತು. ಬೆಲ್ಟ್ ಸೆಕೆಂಡಿಗೆ 600 ಮಿಲಿಮೀಟರ್ ಹೋಗುತ್ತದೆ. ಕಣ್ಣು ತೆರೆದಿರುವ ಆ 5 ಮಿಲಿಸೆಕೆಂಡಿನಲ್ಲಿ ಅಡಿಕೆ 3 ಮಿಲಿಮೀಟರ್ ಮುಂದೆ ಹೋಗಿ ಆಯಿತು. ಅರ್ಧ ಮಿಲಿಮೀಟರಿನ ಬಿರುಕು 3 ಮಿಲಿಮೀಟರಿನಲ್ಲಿ ಹರಡಿದರೆ ಉಳಿಯುವುದೇನು? ಸೆಕೆಂಡಿಗೆ ಎಷ್ಟು ಸಲ ಕಣ್ಣು ತೆರೆದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ, ನೋಡಿ. ವೇಗ ಮತ್ತು ತೆರೆದಿಟ್ಟ ಹೊತ್ತು, ಇವೆರಡರ ಗುಣಾಕಾರವೇ ಮಸುಕು.

ಹಾಗಾದರೆ ಎಷ್ಟಿರಬೇಕಿತ್ತು? ಆ ಕ್ಯಾಮೆರಾದ ಸೆನ್ಸರಿನಲ್ಲಿ ಅಡ್ಡಕ್ಕೆ 1440 ಪಿಕ್ಸೆಲ್, ಉದ್ದಕ್ಕೆ 1080. ಬೆಲ್ಟಿನ 288 ಮಿಲಿಮೀಟರ್ ಅಗಲವನ್ನು ನೋಡುತ್ತಿತ್ತು. ಭಾಗಿಸಿದರೆ ಒಂದು ಪಿಕ್ಸೆಲಿಗೆ 0.2 ಮಿಲಿಮೀಟರ್. ಚಿತ್ರ ಒಂದು ಪಿಕ್ಸೆಲಿಗಿಂತ ಜಾಸ್ತಿ ಜಾರಬಾರದು ಅಂತ ಇಟ್ಟುಕೊಂಡರೆ, 0.2 ಮಿಲಿಮೀಟರ್ ದಾಟಲು ಅಡಿಕೆಗೆ ಬೇಕಾಗುವ ಹೊತ್ತು 333 ಮೈಕ್ರೋಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ 333. ನಾವು 300 ಅಂತ ಇಟ್ಟೆವು.

ಈಗ ಫ್ರೇಮ್ ರೇಟಿನ ಲೆಕ್ಕ. ಬೆಲ್ಟ್ ಹೋಗುವ ದಿಕ್ಕಿನಲ್ಲಿ ಚಿತ್ರದ ಉದ್ದ 216 ಮಿಲಿಮೀಟರ್. ಯಾವ ಅಡಿಕೆಯೂ ತಪ್ಪಬಾರದು, ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದ ಅಡಿಕೆ ಮುಂದಿನ ಚಿತ್ರದಲ್ಲಿ ಪೂರ್ತಿ ಬರಬೇಕು. ಬೆಲ್ಟ್ 150 ಮಿಲಿಮೀಟರ್ ಮುಂದೆ ಹೋದಾಗಲೆಲ್ಲ ಒಂದು ಚಿತ್ರ ತೆಗೆದರೆ ಧಾರಾಳ ಸಾಕು. 600ನ್ನು 150ರಿಂದ ಭಾಗಿಸಿ. ನಾಲ್ಕು. ಸೆಕೆಂಡಿಗೆ ನಾಲ್ಕೇ ಚಿತ್ರ! ನಾನು 60 ತೆಗೆದು ಕಂಪ್ಯೂಟರಿಗೆ ಸುರಿಯುತ್ತಿದ್ದೆ, ಒಂದೇ ಅಡಿಕೆಯನ್ನು ಇಪ್ಪತ್ತು ಸಲ, ಅದೂ ಮಸುಕಾಗಿ. ಬೇಕಾದದ್ದು ನಾಲ್ಕು ಚಿತ್ರ, ಒಂದೊಂದಕ್ಕೆ 300 ಮೈಕ್ರೋಸೆಕೆಂಡ್. ಅಂದರೆ ಒಂದು ಇಡೀ ಸೆಕೆಂಡಿನಲ್ಲಿ ಆ ಕಣ್ಣು ತೆರೆದಿರುವುದು ಒಟ್ಟು 1.2 ಮಿಲಿಸೆಕೆಂಡ್. ಉಳಿದ ಹೊತ್ತೆಲ್ಲ ಮುಚ್ಚಿಯೇ ಇರುತ್ತದೆ. ನನಗೆ ಈ ಲೆಕ್ಕ ಇವತ್ತಿಗೂ ಬಹಳ ಇಷ್ಟ.

ಆದರೆ ಕಣ್ಣು ಅಷ್ಟು ಕಮ್ಮಿ ತೆರೆದರೆ ಒಳಗೆ ಬೆಳಕೂ ಅಷ್ಟೇ ಕಮ್ಮಿ, ಅಲ್ವಾ? 5 ಮಿಲಿಸೆಕೆಂಡ್ ಅಂದರೆ 5000 ಮೈಕ್ರೋಸೆಕೆಂಡ್, ಅದನ್ನು 300ಕ್ಕೆ ಇಳಿಸಿದಾಗ ಬೆಳಕು ಸುಮಾರು 17ರಲ್ಲಿ ಒಂದು ಪಾಲಾಯಿತು. ಚಿತ್ರ ಕಪ್ಪು. ಇಲ್ಲಿ ಎಲ್ಲರ ಕೈಯೂ ಗೇನ್ ಕಡೆಗೆ ಹೋಗುತ್ತದೆ. ಗೇನ್ ಅಂದರೆ ಹಳೆ ರೇಡಿಯೋದ ಸೌಂಡ್ ಜೋರು ಮಾಡಿದ ಹಾಗೆ, ಹಾಡಿನ ಜೊತೆಗೆ ಗೊರಗೊರವೂ ಜೋರಾಗುತ್ತದೆ. 6 ಡೆಸಿಬೆಲ್ ಏರಿಸಿದರೆ ಎರಡು ಪಟ್ಟು. 17 ಪಟ್ಟು ತರಲು 24 ಡೆಸಿಬೆಲಿಗಿಂತ ಮೇಲೆ ಹೋಗಬೇಕು. ಆಗ ಅಡಿಕೆಯ ಮೇಲೆಲ್ಲ ಮರಳು ಚೆಲ್ಲಿದ ಹಾಗೆ ಚುಕ್ಕಿ ಬರುತ್ತದೆ, ಬಿರುಕು ಯಾವುದು, ಚುಕ್ಕಿ ಯಾವುದು ಗೊತ್ತಾಗುವುದಿಲ್ಲ. ಲೆನ್ಸಿನ ಬಾಯಿ ಅಗಲ ಮಾಡಬಹುದು, ಆದರೆ ಆಗ ಮೇಲೆ ಕೆಳಗೆ ಇರುವ ಅಡಿಕೆಗಳೆಲ್ಲ ಒಟ್ಟಿಗೆ ಫೋಕಸಿನಲ್ಲಿ ಸಿಗುವುದಿಲ್ಲ. ಕೊನೆಗೆ ದಾರಿ ಒಂದೇ, ಬೆಳಕು ಜಾಸ್ತಿ ಮಾಡಬೇಕು. ಕ್ಯಾಮೆರಾಕ್ಕೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಬೆಳಕಿಗೆ ಹಾಕಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಬೆಳಕು ಜಾಸ್ತಿ ಅಂದರೆ ಇಡೀ ದಿನ ಉರಿಸಬೇಕು ಅಂತಿಲ್ಲ. ಮಳೆಗಾಲದ ರಾತ್ರಿ ಕರೆಂಟು ಹೋಗಿ ತೋಟದ ಕಡೆ ನೋಡುತ್ತಾ ಕೂತದ್ದು ನೆನಪು ಮಾಡಿಕೊಳ್ಳಿ. ಗಾಳಿಗೆ ಅಡಿಕೆ ಮರ ಅಷ್ಟುದ್ದಕ್ಕೆ ತೂಗುತ್ತಾ ಇರುತ್ತದೆ, ಕತ್ತಲಲ್ಲಿ ಏನೂ ಕಾಣುವುದಿಲ್ಲ. ಮಿಂಚು ಹೊಡೆದ ಕೂಡಲೇ ಎಲ್ಲ ಮರಗಳೂ ಬಾಗಿದಲ್ಲೇ ನಿಂತು ಹೋದ ಹಾಗೆ ಕಾಣುತ್ತದೆ. ಮರ ನಿಂತದ್ದಲ್ಲ, ನಿಮ್ಮ ಕಣ್ಣೂ ತೆರೆದೇ ಇತ್ತು. ಚಿಕ್ಕದಾಗಿ ಬಂದು ಹೋದದ್ದು ಬೆಳಕು. ಕತ್ತಲ ಪೆಟ್ಟಿಗೆಯೊಳಗೆ ಬೆಳಕೇ ಶಟರ್, ಅಂದರೆ ಕಣ್ಣು ತೆರೆದು ಮುಚ್ಚುವ ರೆಪ್ಪೆ. 1930ರ ದಶಕದಲ್ಲಿ ಅಮೆರಿಕದ ಎಮ್‌ಐಟಿ ವಿದ್ಯಾಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಂಬವರು ಇದನ್ನೇ ಹಿಡಿದು ಕೆಲಸ ಮಾಡಿದರು. ಹಾಲಿನ ಒಂದು ಹನಿ ಬಿದ್ದು ಕಿರೀಟದ ಹಾಗೆ ಏಳುವ ಅವರ ಚಿತ್ರ ನೀವು ಎಲ್ಲಾದರೂ ನೋಡಿರಬಹುದು. ನಮ್ಮ ಕ್ಯಾಮೆರಾಗಳಲ್ಲೂ ಅದೇ ಮಾಡುತ್ತೇವೆ. ಕಣ್ಣು ತೆರೆದಿದ್ದೇನೆ ಅಂತ ಹೇಳುವ ಒಂದು ತಂತಿ ಕ್ಯಾಮೆರಾದಿಂದ ಹೊರಗೆ ಬರುತ್ತದೆ, ಅದನ್ನು ಎಲ್‌ಇಡಿಗೆ ಕರೆಂಟು ಕೊಡುವ ಡ್ರೈವರ್ ಸರ್ಕ್ಯೂಟಿಗೆ ಕೊಡುತ್ತೇವೆ. ಚೂರೇ ಹೊತ್ತು ಉರಿದು ಆರುವುದರಿಂದ ಎಲ್‌ಇಡಿ ಬಿಸಿಯಾಗುವುದಿಲ್ಲ, ಹಾಗಾಗಿ ಸದಾ ಉರಿಯುವಾಗ ತಡೆಯಲಾರದಷ್ಟು ಕರೆಂಟನ್ನು ಆ ಚೂರು ಹೊತ್ತಿಗೆ ಕೊಡಬಹುದು. ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಆ ಬೆಳಕಿನ ಸುತ್ತ ಮುಚ್ಚಿಗೆ ಮಾಡಿಸಿ. ಸೆಕೆಂಡಿಗೆ ನಾಲ್ಕೋ ಹತ್ತೋ ಸಲ ಪಕ್ಕದಲ್ಲಿ ಮಿಂಚುತ್ತಿದ್ದರೆ ಬೆಲ್ಟಿನ ಹತ್ತಿರ ದಿನವಿಡೀ ನಿಲ್ಲುವವರಿಗೆ ತಲೆನೋವು ಬರುತ್ತದೆ, ಅಪಸ್ಮಾರ ಇರುವ ಕೆಲವರಿಗಂತೂ ಇಂಥ ಮಿಣುಕಾಟ ಅಪಾಯ.

ಈಗ ಇಲ್ಲೇ ಒಂದು ಪ್ರಯೋಗ. ಯಾರ ಮೊಬೈಲಿನಲ್ಲಿ ಸ್ಲೋ ಮೋಶನ್ ಇದೆ? ತಗೊಳ್ಳಿ, ಆ ಹಳೆ ಟ್ಯೂಬ್‌ಲೈಟಿಗೆ ಹಿಡಿಯಿರಿ. (ಮುಂದಿನ ಬೆಂಚಿನ ಒಬ್ಬ ಹುಡುಗ ತೆಗೆದ. ಆಡಿಸಿ ನೋಡಿದಾಗ ಟ್ಯೂಬ್ ಬಡಬಡ ಬಡಿಯುತ್ತಿತ್ತು. ಹಿಂದಿನ ಸಾಲಿನವರೆಲ್ಲ ಎದ್ದು ಬಂದರು.) ನಮ್ಮ ಕಣ್ಣಿಗೆ ಒಂದೇ ಸಮ ಕಾಣುವ ಬೆಳಕು ಇದು. ಕರೆಂಟು 50 ಹರ್ಟ್ಜ್, ಒಂದು ಸುತ್ತಿನಲ್ಲಿ ಎರಡು ಸಲ ಏರುತ್ತದೆ, ಹಾಗಾಗಿ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್. ಎಕ್ಸ್‌ಪೋಶರ್ 10 ಇಟ್ಟರೆ, 20 ಇಟ್ಟರೆ, ಏರಿದ್ದು ಇಳಿದದ್ದು ಎಲ್ಲ ಸೇರಿ ಸಮ ಆಗುತ್ತದೆ. ನಮ್ಮ 300 ಮೈಕ್ರೋಸೆಕೆಂಡ್ ಮಾತ್ರ ಆ 10 ಮಿಲಿಸೆಕೆಂಡಿನ ಒಳಗೆ ಎಲ್ಲೋ ಒಂದು ಕಡೆ ಬೀಳುತ್ತದೆ. ಏರಿದಲ್ಲಿ ಬಿದ್ದರೆ ಬೆಳ್ಳಗೆ, ಇಳಿದಲ್ಲಿ ಬಿದ್ದರೆ ಮಂಕು. ಸೆಕೆಂಡಿಗೆ 30 ಚಿತ್ರ ತೆಗೆದರೆ ಮೂರು ಚಿತ್ರಕ್ಕೊಮ್ಮೆ ಅದೇ ಸರದಿ ತಿರುಗಿ ಬರುತ್ತದೆ. 25 ತೆಗೆದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಬೀಳಬೇಕು, ಸರಿಯಾಗಿ ನಾಲ್ಕು ಏರಿಳಿತಕ್ಕೊಂದು ಚಿತ್ರ. ಆದರೆ ಕರೆಂಟು ನಿಖರ 50ರಲ್ಲೇ ನಿಲ್ಲುವುದಿಲ್ಲ. 49.95 ಇದೆ ಅಂತ ಇಟ್ಟುಕೊಳ್ಳಿ, ಬೆಳಕು 99.9 ಸಲ ಬಡಿಯುತ್ತದೆ, ಆಗ ಚಿತ್ರ ಹತ್ತು ಸೆಕೆಂಡಿಗೊಮ್ಮೆ ಮೆಲ್ಲಗೆ ಬೆಳ್ಳಗಾಗಿ ಮೆಲ್ಲಗೆ ಮಂಕಾಗುತ್ತದೆ, ಉಸಿರಾಡಿದ ಹಾಗೆ. ಹೀಗೆ ಉಸಿರಾಡುವ ಚಿತ್ರ ಕಂಡರೆ ಕ್ಯಾಮೆರಾ ಬಿಚ್ಚಬೇಡಿ, ತಲೆ ಎತ್ತಿ ಮಾಡಿನಲ್ಲಿ ಯಾವ ಲೈಟ್ ಇದೆ ನೋಡಿ.

ಮಾಡಿನ ಮಾತು ಬಂದಾಗ ಇನ್ನೊಂದು ಘಟನೆ ಹೇಳಬೇಕು. ಅದೇ ಮಂಡಿ. ಮಾಡಿಗೆ ನಡುನಡುವೆ ಬೆಳಕು ಬರುವ ಪ್ಲಾಸ್ಟಿಕ್ ಶೀಟ್ ಹಾಕಿದ್ದರು. ಎಲ್ಲ ಸರಿಯಾಯಿತು ಅಂತ ಬಂದೆ, ಆದರೆ ಬೆಳಕು ನೋಡಿ ಕ್ಯಾಮೆರಾ ತಾನೇ ಹೊತ್ತು ಬದಲಿಸುವ ಆಟೋ ಎಕ್ಸ್‌ಪೋಶರನ್ನು ಆಫ್ ಮಾಡಲು ಮರೆತಿದ್ದೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಫೋನ್ ಬಂತು. ಮಧ್ಯಾಹ್ನ ಮೇಲೆ ಒಡೆದ ಅಡಿಕೆಯೆಲ್ಲ ಒಳ್ಳೆದರ ಜೊತೆ ಗೋಣಿಗೆ ಹೋಗುತ್ತಿದೆ, ಬೆಳಿಗ್ಗೆ ಸರಿ ಇರುತ್ತದೆ ಅಂತ. ಎರಡು ದಿನ ಹುಡುಕಿದೆವು. ಕೊನೆಗೆ ಚಿತ್ರಗಳ ಜೊತೆ ದಾಖಲಾಗಿದ್ದ ಎಕ್ಸ್‌ಪೋಶರ್ ಸಂಖ್ಯೆ ನೋಡಿದೆ. ಮೋಡ ಮುಚ್ಚಿದಾಗಲೆಲ್ಲ 300 ಇದ್ದದ್ದು ತಾನಾಗಿ 8000 ಆಗುತ್ತಿತ್ತು. ಚಿತ್ರ ಬೆಳ್ಳಗೇ ಇತ್ತು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ಬಿರುಕು ಮಾತ್ರ ಅಳಿಸಿ ಹೋಗಿತ್ತು. ಓಡುವ ವಸ್ತುವನ್ನು ಅಳೆಯುವ ಜಾಗದಲ್ಲಿ ಆಟೋ ಬೇಡವೇ ಬೇಡ. ಬೇಕೇ ಬೇಕು ಅಂದರೆ ಇದಕ್ಕಿಂತ ಮೇಲೆ ಹೋಗಬೇಡ ಅಂತ ಒಂದು ಮಿತಿ ಹಾಕಿ, ಎಲ್ಲ ಕ್ಯಾಮೆರಾಗಳಲ್ಲೂ ಆ ಸೌಲಭ್ಯ ಇರುತ್ತದೆ ಅನ್ನಲಾಗದು, ತೆಗೆದುಕೊಳ್ಳುವಾಗ ಕೇಳಿ.

ಎಕ್ಸ್‌ಪೋಶರಿಗೂ ಫ್ರೇಮ್ ರೇಟಿಗೂ ಸಂಬಂಧವೇ ಇಲ್ಲವಾ ಅಂತ ಒಬ್ಬ ಮಾಷ್ಟ್ರು ಕೇಳಿದರು. ಇದೆ. ಕಣ್ಣು 50 ಮಿಲಿಸೆಕೆಂಡ್ ತೆರೆದಿಟ್ಟರೆ ಸೆಕೆಂಡಿಗೆ 20ಕ್ಕಿಂತ ಜಾಸ್ತಿ ಚಿತ್ರ ತೆಗೆಯುವುದು ಹೇಗೂ ಸಾಧ್ಯವಿಲ್ಲ. ಸಾಫ್ಟ್‌ವೇರಿನಲ್ಲಿ ನೀವು 60 ಅಂತ ಬರೆಯಬಹುದು, ನಿಜವಾಗಿ ಬರುವುದು ಬೇರೆ. ಅದಲ್ಲದೆ ಸೆನ್ಸರಿನಿಂದ ಚಿತ್ರವನ್ನು ಸಾಲು ಸಾಲಾಗಿ ಓದಿ ತೆಗೆಯಲು ಸಮಯ ಬೇಕು, ಕೇಬಲಿನಲ್ಲಿ ಕಳಿಸಲು ಸಮಯ ಬೇಕು. ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 115 ಮೆಗಾಬೈಟ್ ಹೋಗುತ್ತದೆ ಅಂತ ಹಿಡಿಯಿರಿ. 5 ಮೆಗಾಪಿಕ್ಸೆಲಿನ ಕಪ್ಪುಬಿಳಿ ಚಿತ್ರ 5 ಮೆಗಾಬೈಟ್. ಭಾಗಿಸಿದರೆ ಸೆಕೆಂಡಿಗೆ 23 ಚಿತ್ರ. ನಮ್ಮ ಒಂದೂವರೆ ಮೆಗಾಪಿಕ್ಸೆಲಿನದು 70 ದಾಟುತ್ತದೆ. ಒಂದು ಚಿತ್ರ ಓದಿ ಹೊರಗೆ ಹೋಗುತ್ತಿರುವಾಗಲೇ ಮುಂದಿನದಕ್ಕೆ ಕಣ್ಣು ತೆರೆಯುವ ವ್ಯವಸ್ಥೆಯೂ ಇದೆ, ಅದಿಲ್ಲದಿದ್ದರೆ ಎರಡೂ ಹೊತ್ತು ಕೂಡಿಸಿಕೊಳ್ಳಬೇಕು.

ಅತಿ ಮುಖ್ಯ ವಿಷಯ ಇನ್ನೂ ಹೇಳಿಲ್ಲ. ಎಷ್ಟು ಹೊತ್ತು, ಎಷ್ಟು ಸಲ, ಸರಿ. ಯಾವಾಗ? 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಚಿತ್ರ ತೆಗೆದರು. ಸಾಲಾಗಿ 12 ಕ್ಯಾಮೆರಾ ಇಟ್ಟು, ದಾರಿಗೆ ಅಡ್ಡ ನೂಲು ಕಟ್ಟಿದ್ದರು. ನಮ್ಮ ಕಂಬಳದ ಕರೆಗೆ, ಕೋಣಗಳು ಓಡುವ ದಾರಿಗೆ, ಅಡ್ಡ ನೂಲು ಕಟ್ಟಿದ ಹಾಗೆ ಅಂದುಕೊಳ್ಳಿ. ಕುದುರೆ ತಾಗಿದಾಗ ಆ ನೂಲಿನ ಕ್ಯಾಮೆರಾ ತೆರೆಯುತ್ತಿತ್ತು. ಅಂದರೆ ಈಗ ತೆಗಿ ಅಂತ ಹೇಳಿದ್ದು ಕುದುರೆಯೇ. ಇವತ್ತು ನಾವು ಟ್ರಿಗರ್ ಅನ್ನುವುದು ಇದನ್ನೇ. ಬೆಲ್ಟಿನ ರೋಲರಿಗೆ ಅದು ತಿರುಗಿದ್ದನ್ನು ಎಣಿಸುವ ಒಂದು ಎನ್‌ಕೋಡರ್ ಕೂರಿಸಿದೆವು. ರೋಲರ್ ಒಂದು ಸುತ್ತು ಹಾಕಿದರೆ ಬೆಲ್ಟ್ 250 ಮಿಲಿಮೀಟರ್ ಹೋಗುತ್ತದೆ, ಎನ್‌ಕೋಡರ್ 500 ಎಣಿಸುತ್ತದೆ. 300 ಎಣಿಸಿದಾಗ 150 ಮಿಲಿಮೀಟರ್ ಆಯಿತು, ಒಂದು ಚಿತ್ರ. ವೋಲ್ಟೇಜ್ ಇಳಿದು ಬೆಲ್ಟ್ ನಿಧಾನವಾದರೆ ಚಿತ್ರವೂ ನಿಧಾನ, ಬೆಲ್ಟ್ ನಿಂತರೆ ಚಿತ್ರವೂ ನಿಲ್ಲುತ್ತದೆ. ಫ್ರೇಮ್ ರೇಟ್ ಅಂತ ಒಂದು ಸಂಖ್ಯೆ ಬರೆಯುವ ಕೆಲಸವೇ ಉಳಿಯಲಿಲ್ಲ.

ಇನ್ನೊಂದು ಕಡೆ ಗೇರುಬೀಜದ ತಿರುಳು. ಇಳಿಜಾರು ತಗಡಿನಲ್ಲಿ ಒಂದರ ಹಿಂದೆ ಒಂದು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಜಾರಿ ಬರುತ್ತದೆ, ಕೆಟ್ಟದ್ದನ್ನು ಕೆಳಗೆ ಗಾಳಿ ಊದಿ ಹೊರಗೆ ಹಾಕುತ್ತದೆ. ಸೆಕೆಂಡಿಗೆ ಸರಾಸರಿ 30 ಬೀಜ. ಕ್ಯಾಮೆರಾ 75 ತೆಗೆಯಬಲ್ಲದು. ಧಾರಾಳ ಆಯಿತಲ್ಲ ಅಂತ ನಮ್ಮ ಲೆಕ್ಕ. ಆದರೆ ಗಾಳಿ ಆಗಾಗ ಕೆಟ್ಟದ್ದನ್ನು ಬಿಟ್ಟು ಅದರ ಹಿಂದಿನ ಒಳ್ಳೆ ತಿರುಳಿಗೆ ಊದುತ್ತಿತ್ತು. ಸರಾಸರಿಯಲ್ಲೇ ಮೋಸ ಇತ್ತು. ಎರಡು ಬೀಜ ಒಂದಕ್ಕೊಂದು ತಾಗಿಕೊಂಡು ಬಂದರೆ ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 20 ಮಿಲಿಮೀಟರ್, ಆ ವೇಗಕ್ಕೆ 10 ಮಿಲಿಸೆಕೆಂಡ್. 75 ತೆಗೆಯುವ ಕ್ಯಾಮೆರಾಕ್ಕೆ ಒಂದಕ್ಕೆ 13 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಎರಡನೇ ಬೀಜದ ಟ್ರಿಗರ್ ಬರುವಾಗ ಕ್ಯಾಮೆರಾ ಇನ್ನೂ ಮೊದಲನೆಯದರಲ್ಲೇ ಇದೆ, ಆ ಟ್ರಿಗರನ್ನು ಸುಮ್ನೆ ಬಿಟ್ಟುಬಿಟ್ಟಿತು. ಅಲ್ಲಿಂದ ಮುಂದೆ ಎಣಿಕೆ ಒಂದು ತಪ್ಪಿತು. ಚಿತ್ರದ ಎತ್ತರವನ್ನು 1080 ಸಾಲಿನಿಂದ 500ಕ್ಕೆ ಇಳಿಸಿದೆವು, ಬೀಜಕ್ಕೆ ಅಷ್ಟು ಸಾಕಿತ್ತು. ಓದುವ ಹೊತ್ತು ಅರ್ಧಕ್ಕಿಂತ ಕಮ್ಮಿಯಾಯಿತು, ತೊಂದರೆ ನಿಂತಿತು. ಟ್ರಿಗರನ್ನು ಮಾತ್ರ ಕಂಪ್ಯೂಟರಿನಿಂದ ಕೇಬಲಿನಲ್ಲಿ ಕಳಿಸಬೇಡಿ. ಕಂಪ್ಯೂಟರ್ ಬೇರೇನೋ ಮಾಡುತ್ತಾ 10 ಮಿಲಿಸೆಕೆಂಡ್ ತಡ ಮಾಡಿದರೆ ಅಷ್ಟರಲ್ಲಿ ಒಂದು ಇಡೀ ಬೀಜ ದಾಟಿ ಹೋಗಿರುತ್ತದೆ. ಬೀಜ ಬಂದದ್ದನ್ನು ಗುರುತಿಸುವ ಸೆನ್ಸರಿನಿಂದ ತಂತಿ ಎಳೆದು ನೇರ ಕ್ಯಾಮೆರಾಕ್ಕೆ ಕೊಡಿ.

ಮೊಬೈಲಿನ ಕ್ಯಾಮೆರಾ ಸಾಕಾಗುವುದಿಲ್ಲವಾ ಅಂತ ಆಗಲೇ ಒಬ್ಬರು ಕೇಳಿದ್ದರು. ಕಾಸರಗೋಡಿನಿಂದ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಫೋಟೋ ತೆಗೆದು ನೋಡಿ, ಹಳಿಯ ಪಕ್ಕದ ಕಂಬಗಳೆಲ್ಲ ಓರೆಯಾಗಿ ಬರುತ್ತವೆ. ಮೊಬೈಲ್ ಎಲ್ಲ ಸಾಲುಗಳನ್ನು ಒಟ್ಟಿಗೆ ತೆರೆಯುವುದಿಲ್ಲ, ಒಂದರ ನಂತರ ಒಂದು ತೆರೆಯುತ್ತದೆ. ಮೊದಲ ಸಾಲು ಕಂಬವನ್ನು ಕಂಡ ಜಾಗ ಬೇರೆ, ಕೊನೆಯ ಸಾಲು ಕಂಡ ಜಾಗ ಬೇರೆ. ಇದು ರೋಲಿಂಗ್ ಶಟರ್. ಎಲ್ಲ ಸಾಲೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವುದು ಗ್ಲೋಬಲ್ ಶಟರ್, ರೇಟು ಜಾಸ್ತಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ರೋಲಿಂಗ್ ಶಟರಿನಲ್ಲೂ ದಾರಿ ಇದೆ. ಕತ್ತಲ ಪೆಟ್ಟಿಗೆ ಮಾಡಿ, ಎಲ್ಲ ಸಾಲುಗಳೂ ತೆರೆದಿರುವ ಒಂದು ಗಳಿಗೆ ಸಿಗುವಷ್ಟು ಎಕ್ಸ್‌ಪೋಶರ್ ಉದ್ದ ಇಡಿ, ಸರಿಯಾಗಿ ಆ ಗಳಿಗೆಯಲ್ಲಿ ಮಿಂಚು ಹೊಡೆಸಿ. ಮತ್ತೆ ಅದೇ ಅಡಿಕೆ ಮರ.

ಕೊನೆಗೆ ಗಾರ್ಬಲ್ ಕೆಲಸದ ಒಬ್ಬ ಅಕ್ಕ ಎದ್ದು ಕೇಳಿದರು. “ಅಣ್ಣ, ನಾವು ಅಡಿಕೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇವೆ. ನಿಮ್ಮ ಕ್ಯಾಮೆರಾ ಮೇಲಿನಿಂದ ನಾಲ್ಕು ಫೋಟೋ ತೆಗೆದರೆ ಅಡಿಯಲ್ಲಿ ಒಡೆದದ್ದು ಹೇಗೆ ಗೊತ್ತಾಗುತ್ತದೆ?”

ಗೊತ್ತಾಗುವುದಿಲ್ಲ. ಅಡಿಕೆಯನ್ನು ರೋಲರುಗಳ ಮೇಲೆ ಉರುಳಿಸಿಕೊಂಡು ತರಬೇಕು. ಅವರನ್ನೇ ಬೋರ್ಡಿನ ಹತ್ತಿರ ಕರೆದು ಲೆಕ್ಕ ಮಾಡಿದೆವು. ಒಂದು ಸುತ್ತಿಗೆ ಎಷ್ಟು ಸಲ ನೋಡುತ್ತೀರಿ ಅಂತ ಕೇಳಿದೆ. ಬೆರಳಲ್ಲಿ ಒಂದು ಅಡಿಕೆ ತಿರುಗಿಸಿ ನೋಡಿ, ಆರು ಸಲ ಕಂಡರೆ ಸಾಕು ಅಂದರು. 150 ಮಿಲಿಮೀಟರ್ ಹೋಗುವಷ್ಟರಲ್ಲಿ ಅಡಿಕೆ ಒಂದು ಸುತ್ತು ಉರುಳುತ್ತದೆ ಅಂತ ಇಟ್ಟುಕೊಂಡೆವು, ಅಂದರೆ ಕಾಲು ಸೆಕೆಂಡಿನಲ್ಲಿ ಆರು ಚಿತ್ರ. 28 ಮಿಲಿಮೀಟರ್ ಅಡಿಕೆಯ ಸುತ್ತಳತೆ 88 ಮಿಲಿಮೀಟರ್, ಕಾಲು ಸೆಕೆಂಡಿನಲ್ಲಿ ಅಷ್ಟು ಉರುಳಿದರೆ ಅದರ ಮೈಯ ವೇಗ ಸೆಕೆಂಡಿಗೆ 352. ಹೋಗುವ ದಿಕ್ಕಿನಲ್ಲೇ ಉರುಳಿದರೆ ಬೆಲ್ಟಿನ 600 ಕೂಡಿಸಬೇಕು, 952 ಆಯಿತು. 0.2 ಮಿಲಿಮೀಟರ್ ದಾಟಲು 210 ಮೈಕ್ರೋಸೆಕೆಂಡ್. ಬೋರ್ಡಿನಲ್ಲಿ 4 ಅಂತ ಇದ್ದದ್ದನ್ನು ಅಳಿಸಿ 24 ಬರೆದೆ, 300 ಇದ್ದದ್ದನ್ನು ಅಳಿಸಿ 200 ಬರೆದೆ.